ಬೇಳೆಗೂ ಬಿರುದು ಬೇಕೆ?

(ಜಯನಗರದ ಒಂದು ಸೂಪರ್ ಮಾರ್ಕೆಟ್ಟು. ತಿಂಗಳ ಸಾಮಾನಿನ ದಿನ. ಗಾಡಿ ತಳ್ಳುವುದು ಗಂಡ, ತುಂಬುವುದು ಹೆಂಡತಿ.)

ಗಂಡ: ಇದೇನೇ, ಅಂಗಡಿಯವರದೇ ಹೆಸರಿನ ತೊಗರಿಬೇಳೆ? ಟಿವಿಯಲ್ಲಿ ಬರೋದು ತಗೋಬಾರ್ದಾ?

ಹೆಂಡತಿ: ಟಿವಿಯಲ್ಲಿ ಕುಣಿಯೋ ನಟಿಗೆ ದುಡ್ಡು ಯಾರು ಕೊಡ್ತಾರೆ ಅಂದ್ಕೊಂಡ್ರಿ? ಬೇಳೆ ಬೇಯಿಸೋರೇ.

ಗಂಡ: ಆದ್ರೂ ಒಂದು ನಂಬಿಕೆ ಅಂತ...

ಹೆಂಡತಿ: ನಂಬಿಕೆ ಪ್ಯಾಕೆಟ್ಟಿನ ಹಿಂದೆ ಇರುತ್ತೆ, ತಿರುಗಿಸಿ ನೋಡ್ರೀ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು ಇಬ್ಬರಿಗೂ ಕಡ್ಡಾಯ. ತಯಾರಿಸಿದವರ ವಿಳಾಸಾನೂ ಓದಿ. ಅಂಗಡಿಯವರೇನು ಬೇಳೆ ಬೆಳೀತಾರಾ? ಯಾವುದೋ ಮಿಲ್ಲಿನವರು ತುಂಬಿಕೊಡ್ತಾರೆ.

ಗಂಡ: (ಕನ್ನಡಕ ಹಣೆಗೇರಿಸಿ) ಇಷ್ಟು ಸಣ್ಣಕ್ಷರ ಇರುವೆಗೂ ಕಾಣಲ್ಲ. ಹೋಗಲಿ, ಅಂಗಡಿಯವರ ಮಾಲೆಲ್ಲ ಅಗ್ಗವೇ ತಾನೆ? ಈ ಬಿಸ್ಕತ್ತೂ ಹಾಕ್ಲಾ?

ಹೆಂಡತಿ: ತಡೀರಿ! ಗ್ರಾಂಗೆ ಎಷ್ಟು ಅಂತ ನೋಡಿ. ಇದರ ತೂಕ ಕಮ್ಮಿ, ಲೆಕ್ಕ ಹಾಕಿದ್ರೆ ಆ ಕಂಪನಿದೇ ಸೋವಿ. ಇವರೇನು ಧರ್ಮಛತ್ರ ಇಟ್ಟಿಲ್ಲ. ಲಾಭ ಇರೋದನ್ನೇ ಕಣ್ಣಿನ ಎತ್ತರಕ್ಕೆ ಜೋಡಿಸಿರ್ತಾರೆ.

ಗಂಡ: ಕಾಫಿಪುಡಿ?

ಹೆಂಡತಿ: ಅದರ ಮಾತೇ ಬೇಡ. ಕಣ್ಣೆದುರು ಬೀಜ ಪುಡಿ ಮಾಡಿಸದಿದ್ರೆ ನನಗೆ ಬೆಳಗಾಗಲ್ಲ.

ಗಂಡ: ಅಮ್ಮ ಈ ಬೇಳೆ ಒಪ್ಪಲ್ಲ ಕಣೇ. ಹಳೇ ಡಬ್ಬಿಗೆ ಸುರಿದುಬಿಡು.

ಹೆಂಡತಿ: ಯುಗಾದಿಯಿಂದ ಅದನ್ನೇ ಮಾಡ್ತಿದ್ದೀನಿ. ಮೊನ್ನೆ ಸಾರು ಸುರಿದುಕೊಂಡು, 'ಬ್ರ್ಯಾಂಡ್ ಅಂದ್ರೆ ಬ್ರ್ಯಾಂಡೇ' ಅಂತ ಚಪ್ಪರಿಸಿದ್ದು ಅಮ್ಮ ಅಲ್ಲ, ನೀವು!

(ಗಂಡ ಗಾಡಿ ತಳ್ಳುವ ವೇಗ ಹೆಚ್ಚಿತು. ಉಳಿದ ದುಡ್ಡಿಗೆ ಕೌಂಟರಿನ ಪಕ್ಕ ಒಂದು ಚಾಕಲೇಟು ಎತ್ತಿಕೊಂಡ. ಅದು ದೊಡ್ಡ ಕಂಪನಿಯದೇ.)