ಕಳ್ಳಬಟ್ಟಿ ಇರುವ ಪುಸ್ತಕ

ಮಾವಿನಕಾಯಿ, ಹಪ್ಪಳ, ಮಕ್ಕಳ ಓದು: ಮೂರೂ ಏಪ್ರಿಲ್ ತಿಂಗಳ ಚಿಂತೆಗಳು. ಪರೀಕ್ಷೆ ಮುಗಿದದ್ದೇ ತಡ, ನೆಂಟರ ಫೋನು ಶುರು. ಈ ಸಲ ಮೊದಲು ಮಾಡಿದವಳು ತಂಗಿ.

"ಅಣ್ಣ, ಪುಟ್ಟೂಗೆ ಹದಿಮೂರು ತುಂಬ್ತು. ಒಂದು ಒಳ್ಳೇ ಕನ್ನಡ ಪುಸ್ತಕ ಹೇಳು. ಭಾಷೆ ಸುಧಾರಿಸ್ಬೇಕು, ಜನರಲ್ ನಾಲೆಡ್ಜ್ ಇರ್ಬೇಕು, ಸಂಸ್ಕಾರವಂತೂ ಇರ್ಲೇಬೇಕು. ದೆವ್ವ, ಸಾವು, ಪ್ರೀತಿ ಗೀತಿ ಬೇಡ. ತೆಳ್ಳಗಿರ್ಲಿ."

ಪುಸ್ತಕ ಕೇಳುತ್ತಿದ್ದಾಳೋ, ಈಗಲೇ ಸೊಸೆ ಹುಡುಕುತ್ತಿದ್ದಾಳೋ ಎಂದು ಅನುಮಾನವಾಯಿತು.

"ತೇಜಸ್ವಿಯವರ 'ಕರ್ವಾಲೊ' ಕೊಡು."

"ಏನಿದೆ ಅದ್ರಲ್ಲಿ?"

"ಜೇನು, ಕಾಡು, ಹಾರುವ ಓತಿ. ಮಂದಣ್ಣ ಅಂತ ಒಬ್ಬ ಇದಾನೆ. ಪೆದ್ದನ ಹಾಗೆ ಕಾಣ್ತಾನೆ, ಆದ್ರೆ ವಿಜ್ಞಾನೀನೇ ಅವನ ಹಿಂದೆ ಓಡಾಡ್ತಾರೆ. ನಡುವೆ ಕಳ್ಳಬಟ್ಟಿ ಕೇಸಲ್ಲಿ ಸಿಕ್ಕಾಕೋತಾನೆ."

"ಕಳ್ಳಬಟ್ಟೀನಾ! ಹೋಗ್ಲಿ, ಆ ಓತಿ ಕೊನೆಗೆ ಸಿಗತ್ತಾ?"

"ಇಲ್ಲ, ಹಾರಿಹೋಗತ್ತೆ."

"ಅಷ್ಟೆಲ್ಲ ಹುಡುಕಿ ಫೇಲಾಗೋದನ್ನ ಓದಿ ಮಗು ಏನು ಕಲಿಯತ್ತೆ?"

1980ರಿಂದ ಕನ್ನಡ ವಿಮರ್ಶಕರು 'ಕರ್ವಾಲೊ' ಬಗ್ಗೆ ಬರೆಯುತ್ತಲೇ ಇದ್ದಾರೆ. ರಿಸಲ್ಟ್ ನೋಡಿ ಮಾರ್ಕ್ಸ್ ಹಾಕಿದವಳು ನಮ್ಮ ತಂಗಿಯೇ ಇರಬೇಕು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಎಂದೆ. ಅದರಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿಬಿಡುತ್ತಾನೆ, ಅಪಹರಣ ಎಂದಳು. ಇಲಿ ಓಡಿಸಿದವನಿಗೆ ಊರ ಗೌಡ ಆಡಿದ ಮಾತಿನಂತೆ ದುಡ್ಡು ಕೊಡಲಿಲ್ಲವಲ್ಲ, ಅದಕ್ಕೆ ಅವಳ ತಕರಾರಿಲ್ಲ. ನಾವು ದೊಡ್ಡವರು ಕತೆಯಲ್ಲಿ ಗೌಡನನ್ನು ಎಂದೂ ಗುರುತಿಸುವುದಿಲ್ಲ. ಮುಖಪರಿಚಯ ಇರುತ್ತದಲ್ಲ, ಅದಕ್ಕೆ.

ಹುಡುಗನ ವಯಸ್ಸಿಗೆ ತಕ್ಕದ್ದನ್ನೇ ಹುಡುಕೋಣವೆಂದು ಪುಸ್ತಕದಂಗಡಿಗೆ ಹೋದೆ. ಮಕ್ಕಳ ಕಪಾಟಿನಲ್ಲಿ ಪಂಚತಂತ್ರ ಹನ್ನೊಂದು ಬಗೆ, ತೆನಾಲಿ ರಾಮ ಏಳು ಬಗೆ. ಎಲ್ಲದರ ಕೊನೆಗೂ ಔಷಧಿ ಚೀಟಿಯ ಹಾಗೆ ದಪ್ಪಕ್ಷರದಲ್ಲಿ ನೀತಿ. ಅಲ್ಲಿಗೆ ಬಾಲ್ಯ ಮುಗಿಯಿತು. ಪಕ್ಕದ ಕಪಾಟಿನಲ್ಲಿ ಯಶಸ್ಸಿನ ಸೂತ್ರಗಳು, ಅದರಾಚೆ ಸಿಇಟಿ ಗೈಡು. ಮೀಸೆ ಚಿಗುರುವವನಿಗೆ ಕನ್ನಡದಲ್ಲಿ ಬೇಕಾದಷ್ಟು ಉಪದೇಶವಿದೆ, ಕತೆಗೆ ಮಾತ್ರ ಬರ. ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಲೆಕ್ಕದಲ್ಲೂ 9ರಿಂದ 16ರವರೆಗೆ ಒಂದೇ ಮಗು. ಹಾಲುಹಲ್ಲು ಬಿದ್ದವನೂ ಪ್ರೇಮಪತ್ರ ಹರಿದು ಹಾಕಿದವಳೂ ಒಂದೇ ಬೆಂಚಿನಲ್ಲಿ.

2011ರಲ್ಲಿ ಆ ಪುರಸ್ಕಾರ ಪಡೆದ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಇದೆಯೇ ಎಂದು ಕೇಳಿದೆ. ಅಂಗಡಿಯ ಹುಡುಗ ಕಂಪ್ಯೂಟರ್ ಒತ್ತಿ ನೋಡಿ, "ಸ್ಟಾಕ್ ಇಲ್ಲ ಸರ್" ಎಂದ. ಊರಿನ ಜೊತೆ ಪುಸ್ತಕವೂ ಮುಳುಗಿತ್ತು.

ತಂಗಿಗೆ ಮತ್ತೆ ಫೋನು ಮಾಡಿದೆ. "ಮನೆ ಕಂದಾಯದ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ತೀಯಲ್ಲ, ಯಾವತ್ತಾದ್ರೂ ಅವನನ್ನ ಲೈಬ್ರರಿಗೆ ಕಳಿಸಿದ್ದೀಯಾ?"

"ಅಲ್ಲಿ ಬರೀ ಮುದುಕರು ಪೇಪರ್ ಓದ್ತಾ ಕೂತಿರ್ತಾರೆ. ನೀನೇ ಒಂದು ಲಿಸ್ಟ್ ಕಳಿಸು."

ಕಳಿಸಿದೆ. ಕಾರಂತರ 'ಬಾಲಪ್ರಪಂಚ', ಮೂರು ಸಂಪುಟವೂ ಸೇರಿ ಹತ್ತು ಹೆಸರು. ಆ ಮೂರು ಸಂಪುಟವನ್ನು ನಾನೇ ಪೂರ್ತಿ ಓದಿಲ್ಲ. ಆದರೆ ಪಟ್ಟಿಗೊಂದು ಘನತೆ ಬೇಡವೇ?

ತಂಗಿ ಮೆಚ್ಚಿಕೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಹದಿನಾಲ್ಕು ಹೆಬ್ಬೆಟ್ಟು ಬಿದ್ದವು. "ಪುಟ್ಟೂನ ಕೇಳಿದೆಯಾ?" ಎಂದೆ. "ಅವನನ್ನೇನು ಕೇಳೋದು, ಮಗು ಅದು" ಎಂದಳು.

ರಾತ್ರಿ ಅವಳ ನಂಬರಿನಿಂದ ಕರೆ ಬಂತು. ಆ ಕಡೆ ಪಿಸುದನಿ.

"ಮಾಮಾ, ಅವತ್ತು ಅಮ್ಮ ಸ್ಪೀಕರ್ ಹಾಕಿದ್ಲು. ಆ ಕಳ್ಳಬಟ್ಟಿ ಪುಸ್ತಕದ ಹೆಸ್ರು ಇನ್ನೊಂದ್ಸಲ ಹೇಳಿ."