ಇದ್ದಲ್ಲಿ, ಇದ್ದಂತೆ: ಹರಾಜಿನಿಂದ ಬಂದ ಕಾರಿನೊಡನೆ ಸಂದರ್ಶನ

ಹಳೆಯ ಕಾರುಗಳ ವ್ಯಾಪಾರದಲ್ಲಿ ಮಾರುವವರು, ಕೊಳ್ಳುವವರು, ದಲ್ಲಾಳಿಗಳು ಮೂವರೂ ಧಾರಾಳವಾಗಿ ಮಾತನಾಡುತ್ತಾರೆಯೇ ಹೊರತು ಕಾರನ್ನು ಮಾತನಾಡಿಸುವ ಪದ್ಧತಿ ಇಲ್ಲ. ಆ ಕೊರತೆಯನ್ನು ತುಂಬುವ ಸಲುವಾಗಿ, ಬೆಂಗಳೂರಿನ ಅಂಗಡಿಯೊಂದರಲ್ಲಿ ಪಾಲಿಶ್ ಮಾಡಿಸಿಕೊಂಡು ನಿಂತಿದ್ದ ಬಿಳಿಯ ಸೆಡಾನ್ ಒಂದನ್ನು ಪ್ರಶ್ನಿಸಲಾಯಿತು. ಬಹುಕಾಲ ಕಡತಗಳಲ್ಲಿಯೇ ಓಡಾಡಿದುದರ ಫಲವಾಗಿ ಅದು ತನ್ನನ್ನು ‘ಸದರಿ ವಾಹನ’ ಎಂದೇ ಕರೆದುಕೊಳ್ಳುತ್ತದೆ. ಆ ರೂಢಿಯನ್ನು ಇಲ್ಲಿ ತಿದ್ದಿಲ್ಲ.

ಪ್ರಶ್ನೆ: ಗಾಜಿನ ಮೇಲೆ ‘ಸಿಂಗಲ್ ಓನರ್, ಡಾಕ್ಟರ್ ಗಾಡಿ’ ಎಂದು ಬರೆದಿದೆ. ಇದು ನಿಜವೇ?

ಉತ್ತರ: ಮೊದಲ ಭಾಗವು ದಾಖಲೆಯ ಮಟ್ಟಿಗೆ ಪೂರ್ಣ ಸತ್ಯ. ಮೊದಲ ಮಾಲೀಕರಿಂದ ವಿಮಾ ಕಂಪನಿಗೆ, ಅಲ್ಲಿಂದ ಹರಾಜಿನ ಮೂಲಕ ಒಬ್ಬ ಡೀಲರಿಗೆ, ಅವನಿಂದ ಈ ಅಂಗಡಿಗೆ ಸದರಿ ವಾಹನವು ಕೈ ಬದಲಾಯಿಸಿದ್ದರೂ ಆರ್‌ಸಿ, ಅಂದರೆ ನೋಂದಣಿ ಪ್ರಮಾಣಪತ್ರ, ಮಿಸುಕಾಡಿಲ್ಲ; ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳು ಮಾರಿದವರ ಸಹಿ ಹೊತ್ತು, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಇಟ್ಟುಕೊಂಡು ಮೇಜಿನ ಖಾನೆಯಲ್ಲಿ ಕಾದಿವೆ. ಡಾಕ್ಟರರ ವಿಷಯಕ್ಕೆ ಬಂದರೆ, ಸದರಿ ವಾಹನದ ಮೈ ಮುಟ್ಟಿ ನೋಡಿದವನು ಟಿಂಕರಿಂಗ್‌ನವನೊಬ್ಬನೇ.

ಪ್ರಶ್ನೆ: ಹರಾಜಿಗೆ ಬಂದದ್ದು ಹೇಗೆ?

ಉತ್ತರ: 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಜಲಾವೃತವಾದಾಗ ಸದರಿ ವಾಹನವು ಬೇಸ್‌ಮೆಂಟಿನಲ್ಲಿತ್ತು. ರಿಪೇರಿಯ ಅಂದಾಜು ವೆಚ್ಚವು ಐಡಿವಿಯ, ಅಂದರೆ ಪಾಲಿಸಿಯಲ್ಲಿ ನಮೂದಾದ ವಾಹನ ಮೌಲ್ಯದ, ಶೇ 75ನ್ನು ಮೀರಿದರೆ ವಿಮೆಯವರು ಅದನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸಿ ಪರಿಹಾರ ಕೊಡುತ್ತಾರೆ. ಉಳಿದ ಕಳೇಬರವು ‘ಸಾಲ್ವೇಜ್’ ಎಂಬ ಹೆಸರಿನಲ್ಲಿ ಹರಾಜಾಗುತ್ತದೆ.

ಪ್ರಶ್ನೆ: ದೋಷಗಳನ್ನು ಅಲ್ಲಿ ತಿಳಿಸಲಿಲ್ಲವೇ?

ಉತ್ತರ: ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿನಲ್ಲಿ ಎಲ್ಲವೂ ಅಡಕವಾಗಿತ್ತು. ವಾಹನವು ನಿಂತಿರುವ ಸ್ಥಳದಲ್ಲಿ, ಇರುವ ಸ್ಥಿತಿಯಲ್ಲಿ ಮಾರಾಟವಾಗುತ್ತದೆ, ಮುಂದಿನದು ಕೊಂಡವನ ಹಣೆಬರಹ ಎಂಬುದು ಅದರ ತಾತ್ಪರ್ಯ. ಹರಾಜಿನ ದಿನ ಡೀಲರಿಗೆ ಎಲ್ಲವೂ ಗೊತ್ತಿತ್ತು. ಗಿರಾಕಿ ಬರುವ ಹೊತ್ತಿಗೆ ಏನೂ ಗೊತ್ತಿರಲಿಲ್ಲ. (ಈ ಮರೆವು ಪಾಲಿಶ್‌ನ ದರದಲ್ಲಿಯೇ ಸೇರಿರುವಂತೆ ಕಾಣುತ್ತದೆ.)

ಪ್ರಶ್ನೆ: ಗಿರಾಕಿಗಳು ಪರೀಕ್ಷಿಸುವುದಿಲ್ಲವೇ?

ಉತ್ತರ: ಬಾಗಿಲನ್ನು ಧಡ್ ಎಂದು ಹಾಕಿ ನೋಡುತ್ತಾರೆ, ಟೈರನ್ನು ಒದೆಯುತ್ತಾರೆ, ಮೈಲೇಜ್ ಕೇಳುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದವರು ಮಾತ್ರ ಯಾರೂ ಇಲ್ಲ. ಎಳೆದಿದ್ದರೆ, ಸುರುಳಿಯೊಳಗೆ ಸದಾ ಅಡಗಿರುವ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ ಕಾಣುತ್ತಿತ್ತು. ಕೀ ತಿರುಗಿಸಿದೊಡನೆ ಏರ್‌ಬ್ಯಾಗ್ ದೀಪವು ಕೆಲವು ಕ್ಷಣ ಹೊತ್ತಿ ಆರಬೇಕು. ಇಲ್ಲಿ ಅದು ಹೊತ್ತುವುದೇ ಇಲ್ಲವಾದ್ದರಿಂದ, ಯಾವ ತೊಂದರೆಯೂ ಇಲ್ಲವೆಂದು ಮೆಚ್ಚಿಕೊಳ್ಳುತ್ತಾರೆ.

ಪ್ರಶ್ನೆ: ಇದಕ್ಕೆಲ್ಲ ಸರ್ಕಾರದ ನಿಯಮವಿಲ್ಲವೇ?

ಉತ್ತರ: ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದ ಡೀಲರಿಗೆ ವಾಹನ ಒಪ್ಪಿಸಿದುದನ್ನು 29ಸಿ ನಮೂನೆಯಲ್ಲಿ ತಿಳಿಸಿದರೆ, ಅಂದಿನಿಂದ ಅವನನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಈ ಅಂಗಡಿಯವರು ಆ ಗೌರವವನ್ನು ಇದುವರೆಗೆ ಬಯಸಿಲ್ಲ.

ಪ್ರಶ್ನೆ: ಹಾಗಾದರೆ ನಾಳೆ ಅಪಘಾತವಾದರೆ ಹೊಣೆ ಯಾರದು?

ಉತ್ತರ: ಎಷ್ಟು ಕೈ ಬದಲಾದರೂ ಪರಿಹಾರದ ಹೊಣೆಯು ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಸದರಿ ವಾಹನವು ಗುಜರಿ ಸೇರಿತೆಂದು ನಂಬಿ, ಬಂದ ಪರಿಹಾರದಲ್ಲಿ ಹೊಸ ಕಾರು ಕೊಂಡಿರುವ ಮೊದಲ ಮಾಲೀಕರಿಗೆ, ಕಳೆದ ತಿಂಗಳ ಟೆಸ್ಟ್ ಡ್ರೈವ್‌ನಲ್ಲಿ ಸಿಗ್ನಲ್ ಹಾರಿಸಿದುದರ ದಂಡದ ನೋಟಿಸ್ ತಲುಪಿದೆ.