ದಿಲ್ಲಿಯ ಮೆಟ್ಟಿಲು, ಮೇಷ್ಟ್ರ ಮಂಡಿ

ಹಾಸನದ ಕಡೆಯ ಇತಿಹಾಸದ ಮೇಷ್ಟ್ರೊಬ್ಬರು ಮೂವತ್ತು ವರ್ಷ ಮಕ್ಕಳಿಗೆ ದಿಲ್ಲಿಯ ಸುಲ್ತಾನರ ಪಾಠ ಮಾಡಿದ್ದರು. ದಿಲ್ಲಿಯನ್ನು ಮಾತ್ರ ಕಂಡಿರಲಿಲ್ಲ. ನಿವೃತ್ತರಾದ ಮೇಲೆ ಹೊರಟರು. ಅಷ್ಟರಲ್ಲಿ ಬಲಗಾಲಿನ ಮಂಡಿಯೂ ನಿವೃತ್ತಿ ತಗೊಂಡಿತ್ತು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಮಡಚಿಟ್ಟ ಕಾಲನ್ನು ನವದೆಹಲಿ ಸ್ಟೇಷನ್ನಿನಲ್ಲಿ ಬಿಡಿಸಿ ತಲೆಯೆತ್ತಿದರೆ, ಎದುರಿಗೆ ಕಂಡ ಮೊದಲ ಸ್ಮಾರಕ ಪ್ಲಾಟ್‌ಫಾರ್ಮ್ ದಾಟುವ ಮೇಲ್ಸೇತುವೆ. ಅದಕ್ಕೂ ಮೆಟ್ಟಿಲು.

“ಹುಡುಗರನ್ನ ಶ್ರವಣಬೆಳಗೊಳಕ್ಕೆ ಕರ್ಕೊಂಡು ಹೋದಾಗ ಆರುನೂರು ಚಿಲ್ಲರೆ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದ್ದೆ ಗೊತ್ತಾ?” ಅಂದರು ಮೇಷ್ಟ್ರು.

“ಅಲ್ಲಿ ಆಗದೇ ಇದ್ದೋರಿಗೆ ಡೋಲಿ ಸಿಗುತ್ತೆ ಕಣ್ರೀ. ಇಲ್ಲಿ ನಾನೇ ಹೊರಬೇಕಾ?” ಎನ್ನುತ್ತ ಅವರ ಮನೆಯವರು ಎರಡೂ ಬ್ಯಾಗು ಎತ್ತಿಕೊಂಡರು.

ದಿಲ್ಲಿಯನ್ನು ಏಳು ಸಲ ಕಟ್ಟಿದರೋ ಎಂಟು ಸಲ ಕಟ್ಟಿದರೋ ಎಂದು ಪಂಡಿತರು ಜಗಳವಾಡಲಿ. ಕಟ್ಟಿದವರಲ್ಲಿ ಒಬ್ಬರಿಗೂ ಮಂಡಿ ನೋವಿರಲಿಲ್ಲ ಎಂಬುದು ಮೇಷ್ಟ್ರಿಗೆ ಒಂದೇ ದಿನದಲ್ಲಿ ಖಾತ್ರಿಯಾಯಿತು.

ಕುತುಬ್ ಮಿನಾರಿನ ಎತ್ತರ 72.5 ಮೀಟರ್, ಒಳಗೆ 379 ಮೆಟ್ಟಿಲು. ಇದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ತಪ್ಪು ಹೇಳಿದವರ ಕಿವಿ ಹಿಂಡಿದ ಕೈ ಅವರದು. ಈಗ ಆ 379 ಎದುರಿಗೇ ನಿಂತಾಗ ಮಂಡಿ ಒಳಗೊಳಗೇ ಕಿರ್ರೆಂದಿತು. ನೋಡಿದರೆ ಬಾಗಿಲಿಗೆ ಬೀಗ. ಬಿಡಬೇಕೆಂದಿದ್ದ ನೆಮ್ಮದಿಯ ಉಸಿರು ಅರ್ಧಕ್ಕೇ ನಿಂತಿತು, ಬೀಗ ಬಿದ್ದ ಕಾರಣ ಅವರಿಗೆ ಗೊತ್ತಿತ್ತು. 1981ರ ಡಿಸೆಂಬರಿನಲ್ಲಿ ಒಳಗೆ ದೀಪ ಆರಿ, ಕತ್ತಲಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು; ಹೆಚ್ಚಿನವರು ಶಾಲೆಯ ಮಕ್ಕಳು. ಪ್ರವಾಸ ಹೋದಾಗಲೆಲ್ಲ ಬಸ್ಸಿನಲ್ಲಿ ಮೂರು ಮೂರು ಸಲ ತಲೆ ಎಣಿಸುತ್ತಿದ್ದ ಮನುಷ್ಯ ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತರು.

ಮಿನಾರಿನ ತುದಿ ಮುಟ್ಟುವ ಆಸೆ ಮಾತ್ರ ಬೇರೊಂದು ಬಗೆಯಲ್ಲಿ ಈಡೇರಿತು. 1803ರ ಭೂಕಂಪಕ್ಕೆ ಹಳೆಯ ಶಿಖರ ಉರುಳಿದಾಗ, ರಾಬರ್ಟ್ ಸ್ಮಿತ್ ಎಂಬ ಇಂಗ್ಲಿಷ್ ಎಂಜಿನಿಯರು 1828ರಲ್ಲಿ ಅದರ ನೆತ್ತಿಯ ಮೇಲೆ ತನ್ನ ಇಷ್ಟದ ಬಂಗಾಳಿ ಶೈಲಿಯ ಮಂಟಪವೊಂದನ್ನು ಕೂರಿಸಿದ. ಪಂಚೆ ಉಟ್ಟು ಹ್ಯಾಟು ಹಾಕಿದಂತಿತ್ತೋ ಏನೋ, 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಅದನ್ನು ಇಳಿಸಿಬಿಟ್ಟ. ಆ ಮಂಟಪ ಇವತ್ತಿಗೂ ಹುಲ್ಲುಹಾಸಿನ ಮೇಲೆ ಕೂತಿದೆ. ‘ಸ್ಮಿತ್‌ನ ಮರುಳು’ ಎಂದೇ ಅದಕ್ಕೆ ಹೆಸರು. ಮೇಷ್ಟ್ರು ಅದರ ಪಕ್ಕ ನಿಂತು, “ಒಂದು ಕಾಲಕ್ಕೆ ಕುತುಬ್ ಮಿನಾರಿನ ತುದಿ ಇದೇ,” ಎಂದು ಫೋಟೋ ತೆಗೆಸಿಕೊಂಡು ಊರಿನ ಗ್ರೂಪಿಗೆ ಕಳಿಸಿದರು. ಸುಳ್ಳೇನಲ್ಲವಲ್ಲ.

ಅಲ್ಲೇ ಸ್ವಲ್ಪ ದೂರದಲ್ಲಿ ಅಲಾಯಿ ಮಿನಾರ್. ಕುತುಬಿನ ಎರಡರಷ್ಟು ಎತ್ತರ ಕಟ್ಟುತ್ತೇನೆಂದು ಹೊರಟ ಅಲ್ಲಾವುದ್ದೀನ್ ಖಿಲ್ಜಿ 1316ರಲ್ಲಿ ತೀರಿಕೊಂಡ; ಕೆಲಸ ಮೊದಲ ಅಂತಸ್ತಿಗೇ, ಸುಮಾರು 24.5 ಮೀಟರಿಗೇ ನಿಂತಿತು. ಏಳುನೂರು ವರ್ಷವಾದರೂ ಕಾಮಗಾರಿ ಮುಂದುವರಿದಿಲ್ಲ. ಬೆಂಗಳೂರಿನಿಂದ ಬಂದವರಿಗೆ ಈ ದೃಶ್ಯ ಹೊಸದೇನಲ್ಲ.

ಮೇಷ್ಟ್ರ ಮಂಡಿಗೆ ನಿಜವಾದ ಜೊತೆಗಾರ ಸಿಕ್ಕಿದ್ದು ಹಳೆ ಕೋಟೆಯಲ್ಲಿ, ಅಂದರೆ ಪುರಾನಾ ಕಿಲಾದಲ್ಲಿ. ಅಲ್ಲಿ ಶೇರ್ ಮಂಡಲ್ ಎಂಬ ಎಂಟು ಮೂಲೆಯ ಕೆಂಪು ಕಲ್ಲಿನ ಕಟ್ಟಡವಿದೆ. ಹುಮಾಯೂನನ ಪುಸ್ತಕ ಭಂಡಾರ. 1556ರ ಜನವರಿಯಲ್ಲಿ ಅದರ ಕಡಿದಾದ ಮೆಟ್ಟಿಲಿಳಿಯುತ್ತಿದ್ದ ಬಾದಶಹನಿಗೆ ನಮಾಜಿನ ಕರೆ ಕೇಳಿತಂತೆ. ಅಲ್ಲೇ ಮಂಡಿಯೂರಲು ಹೋದ, ಕಾಲು ನಿಲುವಂಗಿಗೆ ಸಿಕ್ಕಿತು, ಉರುಳಿದ. ಕೆಲವೇ ದಿನಗಳಲ್ಲಿ ತೀರಿಕೊಂಡ.

“ನೋಡು, ಕಡೆಗೂ ಮಂಡಿಯೇ!” ಎಂದರು ಮೇಷ್ಟ್ರು, ದೂರದ ನೆಂಟರ ಸುದ್ದಿ ಹೇಳುವ ದನಿಯಲ್ಲಿ.

ಇದೇ ಕೋಟೆಯ ಗೋಡೆಗಳ ಮುಂದೆ ಇಬ್ರಾಹಿಂ ಅಲ್ಕಾಜಿ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ ಆಡಿಸಿದ್ದರು. ದಿಲ್ಲಿಯ ಸುಲ್ತಾನನ ಕಥೆಯನ್ನು ದಿಲ್ಲಿಯ ಕೋಟೆಯಲ್ಲೇ ಆಡಲು ನಾಟಕ ಹೋಗಿದ್ದು ಕನ್ನಡದಿಂದ. ಮೇಷ್ಟ್ರು ಈ ಮಾತನ್ನು ಅಲ್ಲಿದ್ದ ಕಾವಲುಗಾರನಿಗೆ ತಮ್ಮ ಹಿಂದಿಯಲ್ಲಿ ವಿವರಿಸಿದರು. ಅವನು ಶೌಚಾಲಯದ ದಾರಿ ತೋರಿಸಿದ.

ಅಲ್ಲಿಂದ ಹುಮಾಯೂನನ ಸಮಾಧಿ. ಮೆಟ್ಟಿಲಿಂದ ಬಿದ್ದು ಸತ್ತವನಿಗೆ ಹೆಂಡತಿ ಹಾಜಿ ಬೇಗಂ ಕಟ್ಟಿಸಿದ ಗೋರಿಯನ್ನು ಎಲ್ಲಿಟ್ಟಿದ್ದಾರೆ? ಆಳೆತ್ತರವನ್ನೂ ಮೀರಿದ ಜಗಲಿಯ ಮೇಲೆ! ಹತ್ತಲು ಮತ್ತೆ ಕಡಿದಾದ ಮೆಟ್ಟಿಲು. 1572ರ ಹೊತ್ತಿಗೆ ಮುಗಿದ ಈ ಕಟ್ಟಡವನ್ನು ತಾಜಮಹಲಿನ ಅಕ್ಕ ಎಂದರೆ ತಪ್ಪಿಲ್ಲ; 1993ರಲ್ಲಿ ಯುನೆಸ್ಕೋ ಪಟ್ಟಿಯನ್ನೂ ಸೇರಿತು. ಮೇಷ್ಟ್ರು ಕೆಳಗಿನ ತೋಟದಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಂಡರು. ಮೇಲೆ ಹೋಗಿ ನೋಡಿ ಬಂದವರು ಮನೆಯವರು. “ಹೆಂಡ್ತಿ ಅಂದ್ರೆ ಹೀಗಿರಬೇಕು ನೋಡ್ರೀ,” ಅಂತ ಒಂದೇ ಸಾಲಿನಲ್ಲಿ ವರದಿ ಒಪ್ಪಿಸಿದರು.

ಜಾಮಾ ಮಸೀದಿಯಲ್ಲಿ ಮೇಷ್ಟ್ರ ಓದು ಕೆಲಸಕ್ಕೆ ಬಂತು. ಉತ್ತರದ ಬಾಗಿಲಿಗೆ 39 ಮೆಟ್ಟಿಲು, ಪೂರ್ವಕ್ಕೆ 35, ದಕ್ಷಿಣಕ್ಕೆ 33. ಆರು ಮೆಟ್ಟಿಲು ಉಳಿಸಲು ಅರ್ಧ ಮಸೀದಿ ಸುತ್ತಿ ದಕ್ಷಿಣದಿಂದಲೇ ಹತ್ತಿದರು. ಸುತ್ತಿದ ದೂರವನ್ನು ಅವರೂ ಲೆಕ್ಕ ಹಾಕಲಿಲ್ಲ, ಮನೆಯವರೂ ಕೇಳಲಿಲ್ಲ. ಕನಾಟ್ ಪ್ಲೇಸಿನ ಹತ್ತಿರದ ಅಗ್ರಸೇನ್ ಬಾವೋಲಿ ಎಂಬ ಮೆಟ್ಟಿಲುಬಾವಿಯ ಮೋಸ ಇನ್ನೊಂದು ಥರದ್ದು. ನೂರಕ್ಕೂ ಹೆಚ್ಚು ಮೆಟ್ಟಿಲು ಸಲೀಸಾಗಿ ಇಳಿಸಿಕೊಳ್ಳುತ್ತದೆ. ಆಮೇಲೆ ಹತ್ತಬೇಕಾದವರು ನಾವು.

ಜಂತರ್ ಮಂತರ್ ಎಂದರೆ ಟೀವಿ ನೋಡುವವರಿಗೆ ಧರಣಿ, ಘೋಷಣೆ. ಆದರೆ 1724ರಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ್ದು ಗ್ರಹ-ನಕ್ಷತ್ರ ನೋಡಲು. ಅಲ್ಲಿನ ಸಮ್ರಾಟ್ ಯಂತ್ರ ದೊಡ್ಡದೊಂದು ನೆರಳು ಗಡಿಯಾರ. ಅದರ ಬೆನ್ನ ಮೇಲೂ ಆಕಾಶಕ್ಕೆ ಏರುವ ಮೆಟ್ಟಿಲ ಸಾಲು. ಹತ್ತಲು ಬಿಡುವುದಿಲ್ಲ. ಮೇಷ್ಟ್ರು ಕಾವಲುಗಾರರಿಗೆ ಮನಸ್ಸಿನಲ್ಲೇ ಕೈಮುಗಿದರು.

ಕೊನೆಯ ದಿನ ಹೋದದ್ದು ತೀನ್ ಮೂರ್ತಿಗೆ. ಆ ಹೆಸರು ನೆಹರೂ ಇದ್ದ ಮನೆಯದು ಎಂದೇ ಬಹಳ ಜನ ತಿಳಿದಿದ್ದಾರೆ. ಮೂರ್ತಿಗಳಿರುವುದು ಮನೆಯ ಎದುರಿನ ವೃತ್ತದಲ್ಲಿ: 1922ರಲ್ಲಿ ನಿಲ್ಲಿಸಿದ ಮೂವರು ಕಂಚಿನ ಸಿಪಾಯಿಗಳು. ಒಬ್ಬ ಹೈದರಾಬಾದಿನವನು, ಒಬ್ಬ ಜೋಧಪುರದವನು, ಇನ್ನೊಬ್ಬ ನಮ್ಮ ಮೈಸೂರಿನವನು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆಲ್ಲುವಾಗ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರ ಜೊತೆಗಿತ್ತು. 2018ರಲ್ಲಿ ವೃತ್ತದ ಹೆಸರಿಗೂ ಹೈಫಾ ಸೇರಿತು. ಮೇಷ್ಟ್ರು ಕಾಲು ನೋವು ಮರೆತು ನೆಟ್ಟಗೆ ನಿಂತರು. “ನೂರು ವರ್ಷದಿಂದ ನಿಂತೇ ಇದಾನೆ ಪಾಪ,” ಅಂದರು ಮನೆಯವರು.

ದಿಲ್ಲಿಗೆ ಹೋದವರು ಅವನನ್ನೊಮ್ಮೆ ಮಾತಾಡಿಸಿಕೊಂಡು ಬನ್ನಿ. ಟಿಕೆಟ್ ಬೇಡ, ಮೆಟ್ಟಿಲು ಹತ್ತುವುದೂ ಇಲ್ಲ.